ಬಿಡಾರದ ಗಾಡಿಯೂ ಅದರ ಬೀಗವೂ

ಹೊರದೇಶಕ್ಕೆ ಹೋದವರಿಗೆ ಅಲ್ಲಿನ ನೆಂಟರು ಮೊದಲು ತಮ್ಮ ಮನೆಯನ್ನು ತೋರಿಸುತ್ತಾರೆ, ಅನಂತರ ಮೋಟಾರನ್ನು, ಆಮೇಲೆ ಊರಿನ ಪ್ರೇಕ್ಷಣೀಯ ಸ್ಥಳಗಳನ್ನು. 2024ರ ಮೇ ತಿಂಗಳಲ್ಲಿ ನಾನು ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿರುವ ನನ್ನ ತಮ್ಮನ ಮನೆಗೆ ಹೋದಾಗ ಅವನು ಮೊದಲು ತೋರಿಸಿದ್ದು ಏನೂ ಇಲ್ಲದ ಒಂದು ಜಾಗವನ್ನು. ಮನೆಯ ಮಗ್ಗುಲಲ್ಲಿ, ಹುಲ್ಲಿನ ನಡುವೆ, ಎರಡು ಗಾಲಿಗಳ ಗುರುತು ಬೋಳಾಗಿ ಉಳಿದಿತ್ತು. "ಇಲ್ಲೇ ನಿಂತಿತ್ತು, ಅಣ್ಣ" ಎಂದ. ತೀರಿಹೋದವರ ಕೋಣೆಯನ್ನು ತೋರಿಸುವ ಧ್ವನಿ ಅದು.

ಅಲ್ಲಿ ನಿಂತಿದ್ದುದು ಮೋಟಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಒಂದು ಚಿಕ್ಕ ಬಿಡಾರದ ಗಾಡಿ. ಕ್ಯಾಂಪಿಂಗ್ ಟ್ರೈಲರ್ ಎಂದು ಆ ನಾಡಿನವರು ಕರೆಯುತ್ತಾರೆ. ಇವುಗಳಲ್ಲಿ ಮನೆಯಷ್ಟೇ ವಿಸ್ತಾರವಾದವೂ ಉಂಟು. ಹಣದ ಚೀಲ ಚಿಕ್ಕದಾದವರು ಅರಸುವುದು 'ಟಿಯರ್‌ಡ್ರಾಪ್', ಎಂದರೆ ಕಣ್ಣೀರಹನಿ, ಎಂಬ ಜಾತಿಯನ್ನು. ಮುಂದೆ ದುಂಡಗೆ ಉಬ್ಬಿ ಹಿಂದಕ್ಕೆ ಇಳಿಜಾರಾಗುವ ಆಕಾರದಿಂದ ಆ ಹೆಸರು ಬಂದಿತು. 1930ರ ದಶಕದಲ್ಲಿ ಇದು ರೂಢಿಗೆ ಬಂದಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, 'ಮೆಕ್ಯಾನಿಕ್ಸ್ ಇಲಸ್ಟ್ರೇಟೆಡ್' ಎಂಬ ಪತ್ರಿಕೆ ಇದನ್ನು ಮನೆಯಲ್ಲೇ ಕಟ್ಟಿಕೊಳ್ಳುವ ನಕ್ಷೆಯನ್ನು ಅಚ್ಚುಹಾಕಿತು. ಯುದ್ಧದಲ್ಲಿ ಮಿಕ್ಕಿದ ಅಲ್ಯೂಮಿನಿಯಂ ತಗಡನ್ನೂ ಜೀಪಿನ ಗಾಲಿಗಳನ್ನೂ ತಂದು ಎಷ್ಟೋ ಮಂದಿ ಕಟ್ಟಿಕೊಂಡರು. ಆ ಕಾಲದ ಗಾಡಿಗಳಲ್ಲಿ ಹಲವು 4 ಅಡಿ ಅಗಲ, 8 ಅಡಿ ಉದ್ದದವು. ಪ್ಲೈವುಡ್ ಹಲಗೆಯ ಅಳತೆಯೂ ಅಷ್ಟೇ. ಒಳಗೆ ಇರುವುದು ಹಾಸಿಗೆಯೊಂದೇ. ಹಿಂದಿನ ಮುಚ್ಚಳವನ್ನೆತ್ತಿದರೆ ಅಡುಗೆಗೆ ಒಂದು ಗೂಡು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಗಾದೆಗೆ ಇದಕ್ಕಿಂತ ನೇರವಾದ ನಿದರ್ಶನ ಎಲ್ಲಿಯೂ ದೊರೆಯಲಾರದು.

ಕಂಪನಿಯ ನೌಕರಿಯಲ್ಲಿರುವ ನನ್ನ ತಮ್ಮನಿಗೆ ಇಂಥ ಗಾಡಿಯ ಮೇಲೆ ಏಕೆ ಮೋಹ ಹುಟ್ಟಿತೆಂದು ನಾನು ಕೇಳಬೇಕಾಗಿರಲಿಲ್ಲ. ನಾವಿಬ್ಬರೂ ಚಿಕ್ಕವರಾಗಿದ್ದಾಗ ಅಜ್ಜ ತನ್ನ ಕಮಾನುಗಾಡಿಯಲ್ಲಿ ಹುಲ್ಲು ಹಾಸಿ, ಮೇಲೆ ಕಂಬಳಿ ಹರಡಿ, ನಮ್ಮನ್ನು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಕರೆದೊಯ್ಯುತ್ತಿದ್ದ. ಗಾಡಿಯೇ ಮನೆ, ಗಾಡಿಯೇ ಹಾಸಿಗೆ. ತಮ್ಮ ಆ ಬಿಡಾರವನ್ನೇ ಕಡಲಾಚೆ ಮತ್ತೆ ಕಟ್ಟಿಕೊಂಡಿದ್ದ. ಅಷ್ಟೇ ಅಲ್ಲ, ಅಪ್ಪ ಚಳ್ಳಕೆರೆಯಿಂದ ತಂದಿದ್ದ ಎರಡು ಕರಿಯ ಕಂಬಳಿಗಳಲ್ಲಿ ತನ್ನ ಪಾಲಿಗೆ ಬಂದುದನ್ನು ಅದರೊಳಗೆ ಹಾಸಿದ್ದ. ಹಿಂದಿನ ಶರದೃತುವಿನ ಒಂದು ರಾತ್ರಿ ಗಾಡಿ ಹೋಯಿತು, ಕಂಬಳಿಯೂ ಹೋಯಿತು.

ಕಳವಾದ ರೀತಿಯನ್ನು ಕೇಳಿದಾಗ ನನಗೆ ಆಶ್ಚರ್ಯವಾಯಿತು. ಮೋಟಾರಿನ ಹಿಂದೆ ಒಂದು ಉಕ್ಕಿನ ಗುಂಡು ಇರುತ್ತದೆ. ಗಾಡಿಯ ಮೂಕಿಯ ತುದಿಯಲ್ಲಿ ಬೋರಲು ಬಟ್ಟಲಿನಂಥ ಹಿಡಿ. ಬಟ್ಟಲನ್ನು ಗುಂಡಿನ ಮೇಲೆ ಇಳಿಸಿ ಅಗುಳಿ ಒತ್ತಿದರೆ ಮುಗಿಯಿತು. ಐದು ನಿಮಿಷದ ಕೆಲಸ. ಮೋಟಾರನ್ನು ಕದಿಯುವವನಿಗೆ ಅದನ್ನು ಚಾಲೂ ಮಾಡುವ ವಿದ್ಯೆ ಬೇಕು. ಗಾಡಿಯನ್ನು ಕದಿಯುವವನಿಗೆ ತನ್ನದೇ ಮೋಟಾರು ಇದ್ದರೆ ಸಾಕು. ತಮ್ಮ ಅದನ್ನು ಮೂಕಿ ಬೀದಿಯ ಕಡೆಗೆ ಬರುವಂತೆ ನಿಲ್ಲಿಸಿ ಹಿಡಿಗೆ ಒಂದು ಸಣ್ಣ ಬೀಗ ಜಡಿದಿದ್ದ. ಪೊಲೀಸರು ಗುರುತು ಕೇಳಿದರು. ಇವನಲ್ಲಿದ್ದ ಚಿತ್ರಗಳಲ್ಲೆಲ್ಲ ಹೆಂಡತಿ, ಮಗಳು, ಸರೋವರ. ಗಾಡಿಯ ಒಂದು ಮೂಲೆ ಮಾತ್ರ. ಮೋಟಾರಿನ ವಿಮೆಯೇ ಗಾಡಿಗೂ ಸಾಕೆಂದು ನಂಬಿದ್ದ. ಕಳವಿಗೆ ಬೇರೆ ವಿಮೆ ಬೇಕಿತ್ತೆಂದು ಆಮೇಲೆ ತಿಳಿಯಿತು.

ಈಗ ಅವನು ಇನ್ನೊಂದನ್ನು ಕೊಳ್ಳಬೇಕೆಂದಿದ್ದ. "ನೀವೇ ಹೇಳಿ ಭಾವ, ಒಮ್ಮೆ ಕಳೆದುಕೊಂಡದ್ದು ಸಾಲದೆ?" ಎಂದು ಅವನ ಹೆಂಡತಿ ನನ್ನ ಮುಂದೆ ದೂರಿಟ್ಟಳು. ನಾನು ಎರಡೂ ಪಕ್ಷಕ್ಕೆ ತಲೆದೂಗಿ, ತಮ್ಮನೊಡನೆ ಹಳೆಯ ಗಾಡಿಗಳನ್ನು ನೋಡಲು ಹೊರಟೆ.

ಮೊದಲನೆಯದು ಹೊಸ ಬಣ್ಣ ಬಳಿದುಕೊಂಡು ಮದುವಣಗಿತ್ತಿಯಂತೆ ನಿಂತಿತ್ತು. ತಮ್ಮ ಬಣ್ಣವನ್ನು ನೋಡದೆ ಒಳಗಿನ ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿದ. ನೆಲದ ಹಲಗೆ ನೆನೆದ ರಸ್ಕಿನಂತೆ ಕುಸಿಯಿತು. ಇಂಥ ಗಾಡಿಗಳಿಗೆ ಮುಪ್ಪಿಗಿಂತ ನೀರು ದೊಡ್ಡ ಶತ್ರು. ಟೈರಿನ ಮಗ್ಗುಲಲ್ಲಿ ಅಚ್ಚಾಗಿರುವ ಕೊನೆಯ ನಾಲ್ಕು ಅಂಕಿಗಳನ್ನು ಓದುವುದನ್ನೂ ನಾನು ಅಲ್ಲಿ ಕಲಿತೆ: 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದೆಂದು ಅರ್ಥ. ಗಾಡಿಯ ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಮೂಕಿಯ ಮೇಲೆ ಬೀಳಬೇಕಂತೆ. ಹಿಂಭಾರವಾದರೆ ದಾರಿಯಲ್ಲಿ ಓಲಾಡುತ್ತದೆ. ಇದನ್ನು ನಮ್ಮ ಅಜ್ಜನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಎರಡನೆಯದನ್ನು ಕಂಡಾಗ ನಮ್ಮಿಬ್ಬರ ಬಾಯಲ್ಲೂ ನೀರೂರಿತು. ಗಟ್ಟಿ ನೆಲ, ಹೊಸ ಟೈರು. ಬೆಲೆಯಾದರೋ ಪೇಟೆಯ ಧಾರಣೆಯ ಅರ್ಧಕ್ಕಿಂತ ಕಡಮೆ. ಕಾಗದಪತ್ರ ಕೇಳಿದರೆ ಮಾರುವವನು "ಆಮೇಲೆ ಕಳಿಸುತ್ತೇನೆ" ಎಂದ. ಆ ದೇಶದಲ್ಲಿ ಇಂಥ ಗಾಡಿಗಳಿಗೆ ಸಾಮಾನ್ಯವಾಗಿ 17 ಅಕ್ಷರ ಮತ್ತು ಅಂಕಿಗಳ ಒಂದು ಗುರುತು ಇರುತ್ತದೆ. ಇದರ ಮೂಕಿಯ ಮೇಲೆ ಅದು ಇರಬೇಕಾದ ಜಾಗದಲ್ಲಿ ಅರ ಉಜ್ಜಿದ ಹೊಳಪಿತ್ತು. ತಮ್ಮ ಅಲ್ಲಿ ಬಹಳ ಹೊತ್ತು ನಿಂತ. ನಾನೂ ಬಾಯಿಬಿಡಲಿಲ್ಲ, ತರಗತಿಯಲ್ಲಿ ಧರ್ಮಸೂಕ್ಷ್ಮವನ್ನು ಕುರಿತು ಗಂಟೆಗಟ್ಟಲೆ ಮಾತನಾಡುವ ನಾನು ಆ ಕ್ಷಣದಲ್ಲಿ ಉಳಿಯುವ ಹಣದ ಲೆಕ್ಕ ಹಾಕುತ್ತಿದ್ದೆನೆಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಕೊನೆಗೆ ಅವನೇ, "ಯಾರದೋ ಮನೆಯ ಪಕ್ಕ ಎರಡು ಗಾಲಿಯ ಗುರುತು ಇರುತ್ತದೆ, ಅಣ್ಣ. ನಡಿ" ಎಂದ. ದಾರಿಯಲ್ಲಿ ಪೊಲೀಸರಿಗೆ ಸುದ್ದಿ ಮುಟ್ಟಿಸಿದ.

ಕಳ್ಳನಿಗೆ ಬಿಡಾರದ ಗಾಡಿಯಿಂದ ಆಗಬೇಕಾದ್ದೇನು? ಅವನು ಅದರಲ್ಲಿ ಮಲಗುವುದಕ್ಕಾಗಿ ಕದಿಯುವುದಿಲ್ಲ; ಮಾರುವುದಕ್ಕಾಗಿ ಕದಿಯುತ್ತಾನೆ. ಅಗ್ಗಕ್ಕೆ ಆಸೆಪಟ್ಟು ಕಣ್ಣು ಮುಚ್ಚಿಕೊಳ್ಳುವ ಸಭ್ಯ ಗೃಹಸ್ಥನಿಲ್ಲದಿದ್ದರೆ ಅವನ ಕಸುಬು ನಡೆಯದು. ಬೀಗಗಳಲ್ಲೆಲ್ಲ ಮೊದಲನೆಯದು ಕೊಳ್ಳುವವನ ಮನಸ್ಸಿಗೆ ಬೀಳಬೇಕಾದದ್ದು.

ಮೂರನೆಯ ಗಾಡಿ ನಿವೃತ್ತ ಉಪಾಧ್ಯಾಯ ದಂಪತಿಗಳದು. ಟೈರು ಕೊಂಡ ರಸೀತಿ ಮೊದಲುಗೊಂಡು ಎಲ್ಲ ಕಾಗದವನ್ನೂ ಅವರು ತಾರೀಖಿನ ಕ್ರಮದಲ್ಲಿ ಹೊಲಿದಿಟ್ಟಿದ್ದರು. 4,800 ಡಾಲರಿಗೆ ವ್ಯವಹಾರ ಕುದುರಿತು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂದು ಹೆಂಡತಿ ಹಾಸ್ಯ ಮಾಡಿದರೂ ತಮ್ಮ ಈ ಸಲ ಬಾಗಿಲುಗಳನ್ನು ಭದ್ರವಾಗಿಯೇ ಹಾಕಿದ. ಗಾಡಿಯ ಮೂಕಿಯನ್ನು ಗೋಡೆಯ ಕಡೆಗೆ ತಿರುಗಿಸಿ ನಿಲ್ಲಿಸಿದ. ಹಿಡಿಯ ಬಟ್ಟಲನ್ನೇ ತುಂಬಿಬಿಡುವ ಬೀಗವೊಂದು. ಗುಂಡು ಕೂರುವುದಕ್ಕೆ ಎಡೆಯೇ ಇಲ್ಲ. ಗಾಲಿಗೆ ಉಕ್ಕಿನ ಹಿಡಿಕೆ. ಸುಮಾರು 450 ಕಿಲೋಗ್ರಾಂ ತೂಗುವ ಗಾಡಿಯನ್ನು ನಾಲ್ಕಾರು ಜನ ಸೇರಿ ಲಾರಿಗೆ ಏರಿಸಿಬಿಡಬಹುದಾದ್ದರಿಂದ ಅಡಿಗಟ್ಟಿನೊಳಗೆ ಹಾಯಿಸಿ ನೆಲದ ಕಾಂಕ್ರೀಟಿನ ಬಳೆಗೆ ಬಿಗಿದ ದಪ್ಪ ಸರಪಳಿ. ಗುರುತಿನ ಸಂಖ್ಯೆಯನ್ನು ಒಳಗಡೆ ಎರಡು ಗುಪ್ತಸ್ಥಳಗಳಲ್ಲಿ ಕೊರೆದ. ನಾಲ್ಕು ದಿಕ್ಕಿನಿಂದಲೂ ಚಿತ್ರ ತೆಗೆದ. ಇರುವೆಡೆಯನ್ನು ಫೋನಿಗೆ ತಿಳಿಸುವ ಪುಟ್ಟ ಯಂತ್ರವೊಂದನ್ನು ಅಡಗಿಸಿಟ್ಟ. ಬೇರೆ ವಿಮೆ ಮಾಡಿಸಿದ. ನೆರೆಯವರನ್ನು ಕರೆದು ತೋರಿಸಿದ. ಇವುಗಳಲ್ಲಿ ಯಾವುದೂ ಅಭೇದ್ಯವಲ್ಲ. ಬೀಗ ಕಳ್ಳನನ್ನು ತಡೆಯುವುದಿಲ್ಲ, ತಡಮಾಡಿಸುತ್ತದೆ. ಕತ್ತಲಲ್ಲಿ ಐದು ನಿಮಿಷದ ಕೆಲಸ ಅರ್ಧ ಗಂಟೆಯದಾದರೆ ಅವನು ಮುಂದಿನ ಬೀದಿಗೆ ಹೋಗುವ ಸಂಭವವೇ ಹೆಚ್ಚು. ಅಜ್ಜ ಜಾತ್ರೆಯ ರಾತ್ರಿ ಗಾಲಿಯ ಕಡಾಣಿಗಳನ್ನು ಕಳಚಿ ತಲೆದಿಂಬಿನಡಿ ಇಟ್ಟುಕೊಂಡು ಮಲಗುತ್ತಿದ್ದುದು ಇದೇ ನೀತಿಯಿಂದ.

ನಾನು ಊರಿಗೆ ಹಿಂದಿರುಗುವ ಮೊದಲು ಅಣ್ಣತಮ್ಮಂದಿರಿಬ್ಬರೇ ಮಿಷಿಗನ್ ಸರೋವರದ ತೀರದಲ್ಲಿರುವ ಸ್ಲೀಪಿಂಗ್ ಬೇರ್ ಮರಳುಗುಡ್ಡಗಳ ಬಳಿ ಒಂದು ರಾತ್ರಿ ಬಿಡಾರ ಮಾಡಿದೆವು. ಕಳವಿನ ಸುದ್ದಿ ಕೇಳಿದ್ದ ಅಮ್ಮ, ನನ್ನ ಪಾಲಿನ ಕಂಬಳಿಯನ್ನು ನನ್ನನ್ನು ಕೇಳದೆಯೇ ಪೆಟ್ಟಿಗೆಗೆ ತುಂಬಿ ಕಳಿಸಿದ್ದಳು. ನೀರಿನ ಮೇಲಿನಿಂದ ಬೀಸುವ ಚಳಿಗೆ ಇಬ್ಬರೂ ಅದನ್ನೇ ಹೊದ್ದುಕೊಂಡೆವು. ಚಿಕ್ಕಂದಿನಂತೆ ನಡುರಾತ್ರಿಯಲ್ಲಿ ಅವನು ಅದನ್ನು ತನ್ನ ಕಡೆಗೆ ಎಳೆದುಕೊಂಡ, ನಾನು ಸುಮ್ಮನಿದ್ದೆ.

ಮರುದಿನ ಮನೆ ಮುಟ್ಟಿದಾಗ ಗಾಡಿಗೆ ಸರಪಳಿ ಬಿಗಿಯಲು ನಾನು ಬಗ್ಗಿದೆ. "ತಾಳು ಅಣ್ಣ" ಎಂದು ತಮ್ಮ ಒಳಗಿನಿಂದ ಕಂಬಳಿಯನ್ನು ತೆಗೆದು ಮಡಿಸಿ, ಹೆಗಲಿಗೆ ಹಾಕಿಕೊಂಡು, ಮೊದಲು ಅದನ್ನು ಮನೆಯೊಳಗೆ ಇಟ್ಟುಬಂದ. ಆಮೇಲೆ ಇಬ್ಬರೂ ಸೇರಿ ಬೀಗ ಹಾಕಿದೆವು.