ಮಗ್ರಿಬ್ ನಂತರ ಸ್ವಲ್ಪ ಹೊತ್ತು ತಾರಸಿಗೆ ಬನ್ನಿ

ನೀವು ಕೊನೆಯ ಬಾರಿ ಆಕಾಶವನ್ನು ನೆಮ್ಮದಿಯಿಂದ ನೋಡಿದ್ದು ಯಾವಾಗ? ನಮ್ಮಲ್ಲಿ ಹೆಚ್ಚಿನವರ ಉತ್ತರ ಒಂದೇ ಆಗಿರಬಹುದು. ರಮಝಾನ್ ಇಪ್ಪತ್ತೊಂಬತ್ತರ ಸಂಜೆ, ಚಂದ್ರದರ್ಶನಕ್ಕಾಗಿ. ಚಂದ್ರ ಕಂಡರೂ ಕಾಣದಿದ್ದರೂ ಹತ್ತು ನಿಮಿಷದಲ್ಲಿ ನಾವು ಒಳಗೆ ಬಂದು ಅಡುಗೆಮನೆ ಸೇರಿಬಿಡುತ್ತೇವೆ. ಮತ್ತೆ ಕತ್ತೆತ್ತುವುದು ಮುಂದಿನ ವರ್ಷವೇ.

ಆದರೆ ಅದೇ ಆಕಾಶದಲ್ಲಿ, ಮೋಡವಿಲ್ಲದ ಸಂಜೆಗಳಲ್ಲಿ, ಮನುಷ್ಯ ನಿರ್ಮಿಸಿದ ಉಪಗ್ರಹಗಳು ನಮ್ಮ ತಲೆಯ ಮೇಲಿನಿಂದ ಹಾದುಹೋಗುತ್ತಿರುತ್ತವೆ. ಅವುಗಳಲ್ಲಿ ಹಲವನ್ನು ಬರಿಗಣ್ಣಿನಿಂದಲೇ ನೋಡಬಹುದು. ದುರ್ಬೀನು ಬೇಡ, ಖರ್ಚಿಲ್ಲ, ದೂರ ಹೋಗಬೇಕಾಗಿಯೂ ಇಲ್ಲ. ಒಣಗಿದ ಬಟ್ಟೆ ತರಲು ತಾರಸಿಗೆ ಹೋದಾಗ ಒಮ್ಮೆ ಮೇಲೆ ನೋಡಿದರೆ ಸಾಕು. ಇಷ್ಟು ಸಣ್ಣ ವಿಷಯ ತಿಳಿಯಲು ನಮ್ಮ ಮನೆಗೆ ಒಂದು ಭಯದ ರಾತ್ರಿ ಬೇಕಾಯಿತು. ಮೊದಲು ಅದನ್ನೇ ಹೇಳುತ್ತೇನೆ.

ದೀಪಗಳ ಸಾಲು

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ನೆರೆಮನೆಯ ಹುಡುಗ ಕೂಗಿಕೊಂಡ. ಎಲ್ಲರೂ ಅಂಗಳಕ್ಕೆ ಓಡಿದೆವು. ತಸ್ಬೀಹ್ ಮಣಿಗಳನ್ನು ಪೋಣಿಸಿದಂತೆ ಹತ್ತಾರು ಬೆಳಕಿನ ಚುಕ್ಕೆಗಳು ಒಂದರ ಹಿಂದೆ ಒಂದಾಗಿ, ಸದ್ದಿಲ್ಲದೆ ಸಾಗುತ್ತಿದ್ದವು. ಕೆಲವೇ ನಿಮಿಷಗಳಲ್ಲಿ ಒಂದೊಂದಾಗಿ ಮಾಯವಾದವು.

ಇಶಾ ನಮಾಝ್ ಮುಗಿಯುವಷ್ಟರಲ್ಲಿ ಮೊಬೈಲ್ ತುಂಬ ಸಂದೇಶಗಳು. ಒಬ್ಬರು ಅದನ್ನು ಶತ್ರುದೇಶದ ಕ್ಷಿಪಣಿ ಎಂದರು. ಇನ್ನೊಬ್ಬರು ಲೋಕಾಂತ್ಯದ ಲಕ್ಷಣ ಎಂದರು. ನಾನೂ ಅಂತಹ ಒಂದು ಸಂದೇಶವನ್ನು ವಿಚಾರಿಸದೆ ತಂಗಿಗೆ ಕಳುಹಿಸಿಬಿಟ್ಟೆ. ಕೇಳಿದ್ದನ್ನೆಲ್ಲ ಹರಡಬಾರದು ಎಂದು ತರಗತಿಯಲ್ಲಿ ಮಕ್ಕಳಿಗೆ ಪಾಠ ಹೇಳುವ ಟೀಚರ್ ನಾನು! ಇಂದಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಆ ರಾತ್ರಿ ನನ್ನ ಅತ್ತೆ ಮಲಗಲೇ ಇಲ್ಲ. ಕಾರಣ ಕೇಳಿದಾಗ 1979ರ ಮಳೆಗಾಲದ ಕತೆ ಹೇಳಿದರು. ಅಮೆರಿಕದ ಸ್ಕೈಲ್ಯಾಬ್ ಎಂಬ ಬಾಹ್ಯಾಕಾಶ ನಿಲ್ದಾಣ ಭೂಮಿಗೆ ಬೀಳಲಿದೆ ಎಂಬ ಸುದ್ದಿ ಆಗ ನಮ್ಮ ದೇಶದಲ್ಲೂ ದೊಡ್ಡ ಗಾಬರಿ ಹುಟ್ಟಿಸಿತ್ತು. ಅತ್ತೆಯ ಮಡಿಲಲ್ಲಿ ಆಗ ಎಳೆಯ ಮಗು. "ಗಂಡಸರು ಪೇಟೆಯಲ್ಲಿ ಪೇಪರ್ ಓದಿ ಬರುತ್ತಿದ್ದರು. ನಮಗೆ ಏನನ್ನೂ ಬಿಡಿಸಿ ಹೇಳುತ್ತಿರಲಿಲ್ಲ. ಹಂಚಿನ ಮೇಲೆ ಮಳೆ ಜೋರಾಗಿ ಬಿದ್ದರೂ ಅದೇ ಬಿತ್ತು ಎಂದುಕೊಂಡು ಮಗುವನ್ನು ಅವುಚಿಕೊಳ್ಳುತ್ತಿದ್ದೆ" ಎಂದರು. ಸ್ಕೈಲ್ಯಾಬ್ ಆ ವರ್ಷ ಜುಲೈ 11ರಂದು ಬಿತ್ತು. ಅದರ ಚೂರುಗಳು ಹಿಂದೂ ಮಹಾಸಾಗರಕ್ಕೂ ಪಶ್ಚಿಮ ಆಸ್ಟ್ರೇಲಿಯಾದ ನಿರ್ಜನ ಪ್ರದೇಶಕ್ಕೂ ಬಿದ್ದವು. ಒಬ್ಬರಿಗೂ ಗಾಯವಾಗಲಿಲ್ಲ. ಆದರೆ ಅತ್ತೆಯ ಮನಸ್ಸಿನ ಹೆದರಿಕೆ ಅಷ್ಟು ವರ್ಷ ಹಾಗೆಯೇ ಉಳಿದಿತ್ತು.

ಏಳನೇ ತರಗತಿಯಲ್ಲಿದ್ದ ಮಗಳು ಮರುದಿನ ಶಾಲೆಯಲ್ಲಿ ವಿಜ್ಞಾನ ಟೀಚರನ್ನು ಕೇಳಿ ಬಂದಳು. ಅವು ಸ್ಟಾರ್‌ಲಿಂಕ್ ಉಪಗ್ರಹಗಳು. ಅಂತರ್ಜಾಲ ಸೇವೆಗಾಗಿ ಅಮೆರಿಕದ ಸ್ಪೇಸ್‌ಎಕ್ಸ್ ಕಂಪೆನಿ 2019ರ ಮೇ ತಿಂಗಳಲ್ಲಿ ಒಂದೇ ರಾಕೆಟ್‌ನಲ್ಲಿ ಇಂತಹ 60 ಉಪಗ್ರಹಗಳನ್ನು ಹಾರಿಸಿತು. ಈಗ ಅವುಗಳ ಸಂಖ್ಯೆ ಹಲವು ಸಾವಿರ. ಹಾರಿಸಿದ ಮೊದಲ ಕೆಲವು ದಿನ ಅವು ಕೆಳಮಟ್ಟದಲ್ಲಿ ಸಾಲಾಗಿ ಚಲಿಸುತ್ತವೆ. ಆಮೇಲೆ ಮೇಲೇರಿ ಚದುರಿಹೋಗುತ್ತವೆ, ಮಂಕಾಗುತ್ತವೆ. ಟೀಚರ್ ಇನ್ನೊಂದು ಮಾತನ್ನೂ ಹೇಳಿ ಕಳುಹಿಸಿದ್ದರು. ಆ ಸಾಲು ಅಂದು ಸಂಜೆ ಮತ್ತೆ ಎಷ್ಟು ಗಂಟೆಗೆ, ಯಾವ ದಿಕ್ಕಿನಲ್ಲಿ ಬರುತ್ತದೆ ಎಂದು. ಅತ್ತೆಯನ್ನು ಕೈಹಿಡಿದು ತಾರಸಿಗೆ ಕರೆತಂದೆವು. ಹೇಳಿದ ನಿಮಿಷಕ್ಕೆ, ಹೇಳಿದ ಕಡೆಯಿಂದ ಬಂತು! "ಸಮಯ ಹೇಳಿ ಬರುವಂತಹದ್ದಕ್ಕೆ ಯಾಕೆ ಹೆದರಬೇಕು?" ಎಂದರು ಅತ್ತೆ. ಅಂದಿನಿಂದ ನಮ್ಮ ಮನೆಯಲ್ಲಿ ಈ ಹವ್ಯಾಸ ಶುರುವಾಯಿತು.

ತೆಂಗಿನ ಮರದ ತುದಿಯ ಬಿಸಿಲು

ಉಪಗ್ರಹಕ್ಕೆ ಸ್ವಂತ ಬೆಳಕಿಲ್ಲ. ಅದರಲ್ಲಿ ದೀಪ ಉರಿಯುತ್ತಿರುವುದರಿಂದ ನಮಗೆ ಕಾಣುವುದೂ ಅಲ್ಲ. ಹಾಗಾದರೆ ಕಾಣುವುದು ಹೇಗೆ?

ಸಂಜೆ ಅಂಗಳದಲ್ಲಿ ನಿಂತು ಗಮನಿಸಿ. ನೆಲದ ಮೇಲಿನ ಬಿಸಿಲು ಹೋದ ಮೇಲೂ ತೆಂಗಿನ ಮರದ ತುದಿಯಲ್ಲಿ, ಮಸೀದಿಯ ಮಿನಾರದ ಮೇಲೆ ಸ್ವಲ್ಪ ಹೊತ್ತು ಬಿಸಿಲು ಉಳಿದಿರುತ್ತದೆ. ಎತ್ತರ ಹೆಚ್ಚಿದಷ್ಟೂ ಸೂರ್ಯ ತಡವಾಗಿ ಮುಳುಗುತ್ತಾನೆ. ಉಪಗ್ರಹ 400 ಕಿಲೋಮೀಟರ್ ಎತ್ತರದ ತೆಂಗಿನ ಮರವಿದ್ದಂತೆ! ನಮಗೆ ಸೂರ್ಯಾಸ್ತವಾಗಿ ಕತ್ತಲಾದರೂ, ನಮ್ಮ ನೆತ್ತಿಯ ಮೇಲೆ ಅಷ್ಟು ಎತ್ತರದಲ್ಲಿ ಸುಮಾರು 80 ನಿಮಿಷಗಳವರೆಗೆ ಬಿಸಿಲಿರುತ್ತದೆ. ಆ ಬಿಸಿಲು ಉಪಗ್ರಹದ ಮೈಗೆ ಬಡಿದು ನಮ್ಮ ಕಣ್ಣಿಗೆ ಬರುತ್ತದೆ.

ಈಗ ಗಡಿಯಾರ ನೋಡಿ. ಇದು ಹೆಚ್ಚುಕಡಿಮೆ ಮಗ್ರಿಬ್‌ನಿಂದ ಇಶಾವರೆಗಿನ ಹೊತ್ತು. ಪಶ್ಚಿಮದ ಕೊನೆಯ ಬೆಳಕು ಆರಿದಾಗ ಇಶಾ ಸಮಯವಾಗುತ್ತದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ನೆತ್ತಿಯ ಮೇಲಿನ ಕೆಳಮಟ್ಟದ ಉಪಗ್ರಹಗಳೂ ಭೂಮಿಯ ನೆರಳಿಗೆ ಸೇರುತ್ತವೆ. ಹಾಗೆಯೇ ಮುಂಜಾನೆ ಫಜ್ರ್‌ನಿಂದ ಸೂರ್ಯೋದಯದ ಮೊದಲಿನವರೆಗೆ. ನಮಾಝ್‌ನ ವೇಳಾಪಟ್ಟಿ ಗೋಡೆಯ ಮೇಲಿರುವ ಮನೆಗೆ ಉಪಗ್ರಹ ನೋಡುವ ಹೊತ್ತನ್ನು ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ. ಮಗ್ರಿಬ್ ಮುಗಿಸಿ ಅರ್ಧ ಗಂಟೆ ಬಿಟ್ಟು ಮೇಲೆ ಹೋದರೆ ಆಕಾಶ ಸಾಕಷ್ಟು ಕಪ್ಪಾಗಿರುತ್ತದೆ. ನಡುರಾತ್ರಿ ಹುಡುಕಿದರೆ ಇವು ಕಾಣುವುದು ಕಷ್ಟ.

ಗುರುತಿಸುವುದು ಹೇಗೆ?

ಚಲಿಸುವ ಬೆಳಕೆಲ್ಲ ಉಪಗ್ರಹವಲ್ಲ. ಕೆಂಪು, ಹಸಿರು ದೀಪಗಳು ಮಿನುಗುತ್ತಿದ್ದರೆ ಅದು ವಿಮಾನ. ಕ್ಷಣಾರ್ಧದಲ್ಲಿ ಗೆರೆ ಎಳೆದಂತೆ ಮಿಂಚಿ ಮರೆಯಾದರೆ ಅದು ಉಲ್ಕೆ. ನಿಂತಲ್ಲೇ ಹೊಳೆಯುತ್ತಿದ್ದರೆ ನಕ್ಷತ್ರ ಅಥವಾ ಗ್ರಹ. ಒಂದೇ ಸಮನಾದ ಬೆಳಕು, ಸದ್ದಿಲ್ಲ, ಮಿನುಗುವಿಕೆ ಇಲ್ಲ, ಎಲ್ಲೂ ನಿಲ್ಲದೆ ನಾಲ್ಕೈದು ನಿಮಿಷ ಸಾಗುತ್ತದೆ ಎಂದಾದರೆ ಅದು ಉಪಗ್ರಹ. ಕೆಲವೊಮ್ಮೆ ಒಂದು ಚುಕ್ಕೆ ನಿಯಮಿತವಾಗಿ ಮಂಕಾಗಿ ಮತ್ತೆ ಹೊಳೆಯುತ್ತದೆ. ಅದು ಕೆಲಸ ಮುಗಿಸಿ ಉರುಳುತ್ತಾ ತಿರುಗುತ್ತಿರುವ ಹಳೆಯ ರಾಕೆಟ್‌ನ ಭಾಗವಾಗಿರಬಹುದು.

ಸಂಜೆಯ ಉಪಗ್ರಹ ಹೆಚ್ಚಾಗಿ ಪಶ್ಚಿಮದ ಕಡೆಯಿಂದ ಬಂದು ಪೂರ್ವದ ಕಡೆಗೆ ಹೋಗುವಾಗ ಆಕಾಶದ ನಡುವೆಯೇ ಆರಿಹೋಗುತ್ತದೆ. ಮಕ್ಕಳು "ಎಲ್ಲಿ ಬಿತ್ತು?" ಎಂದು ಕೇಳುತ್ತಾರೆ. ಅದು ಬಿದ್ದಿಲ್ಲ. ಭೂಮಿಯ ನೆರಳಿನೊಳಗೆ ಹೋಗಿದೆ, ಅಷ್ಟೆ. ಅಂದರೆ ಅಲ್ಲಿಯೂ ಈಗ ಸೂರ್ಯಾಸ್ತವಾಯಿತು. ಮುಂಜಾನೆ ಇದಕ್ಕೆ ವಿರುದ್ಧ. ಖಾಲಿ ಆಕಾಶದಲ್ಲಿ ಚುಕ್ಕೆಯೊಂದು ಇದ್ದಕ್ಕಿದ್ದಂತೆ ಬೆಳಗಿಕೊಳ್ಳುತ್ತದೆ.

ದಿಕ್ಕು ತಿಳಿಯಲು ದಿಕ್ಸೂಚಿ ಬೇಡ. ನಮ್ಮ ಕರ್ನಾಟಕದಿಂದ ಕಿಬ್ಲಾ ಇರುವುದು ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿದಂತೆ. ಕಿಬ್ಲಾದ ಕಡೆ ಮುಖಮಾಡಿ ನಿಂತರೆ ಬಲಗೈ ಉತ್ತರದ ಕಡೆ, ಎಡಗೈ ದಕ್ಷಿಣದ ಕಡೆ, ಬೆನ್ನ ಹಿಂದೆ ಪೂರ್ವ. ಎತ್ತರ ಅಳೆಯಲು ಕೈಯನ್ನು ನೇರವಾಗಿ ಚಾಚಿ ಮುಷ್ಟಿ ಹಿಡಿಯಿರಿ. ಒಂದು ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ದಿಗಂತದಿಂದ ನೆತ್ತಿಗೆ ಒಂಬತ್ತು ಮುಷ್ಟಿ.

ಎಲ್ಲಕ್ಕಿಂತ ಪ್ರಕಾಶಮಾನವಾದದ್ದು

ಮೊದಲ ಬಾರಿ ನೋಡುವವರು ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಆರಂಭಿಸುವುದು ಒಳ್ಳೆಯದು. ಸುಮಾರು 109 ಮೀಟರ್ ಅಗಲದ ಈ ನಿಲ್ದಾಣ ಅನುಕೂಲಕರ ದಿನಗಳಲ್ಲಿ ಶುಕ್ರಗ್ರಹದಷ್ಟು ಹೊಳೆಯುತ್ತದೆ. ಪಟ್ಟಣದ ಬೀದಿದೀಪಗಳ ನಡುವೆಯೂ ಕಾಣುತ್ತದೆ. ಅದರ ವೇಗ ಗಂಟೆಗೆ ಸುಮಾರು 28,000 ಕಿ.ಮೀ. ಮಂಗಳೂರಿನಿಂದ ಬೆಂಗಳೂರಿಗೆ ನೇರ ಗೆರೆಯಲ್ಲಿ ಇರುವ ಸುಮಾರು 300 ಕಿ.ಮೀ. ದೂರಕ್ಕೆ ಅದಕ್ಕೆ ಬೇಕಾಗುವುದು 40 ಸೆಕೆಂಡು! ಚೀನಾದ ತ್ಯಾಂಗಾಂಗ್ ನಿಲ್ದಾಣ ಮತ್ತು 1990ರಲ್ಲಿ ಹಾರಿಸಿದ ಹಬಲ್ ದೂರದರ್ಶಕ ಕೂಡ ನಮ್ಮ ಆಕಾಶದಲ್ಲಿ ಕಾಣಿಸುತ್ತವೆ.

ನಿಲ್ದಾಣದಲ್ಲಿ 2000ನೇ ಇಸವಿಯ ನವೆಂಬರ್‌ನಿಂದ ಒಂದು ದಿನವೂ ಬಿಡದೆ ಮನುಷ್ಯರು ವಾಸಿಸುತ್ತಿದ್ದಾರೆ. 2006ರಲ್ಲಿ ಇರಾನ್ ಮೂಲದ ಮಹಿಳೆ ಅನೂಶೆ ಅನ್ಸಾರಿ ಅಲ್ಲಿಗೆ ಹೋಗಿ ಬಂದರು. 2007ರ ರಮಝಾನ್‌ನಲ್ಲಿ ಮಲೇಶ್ಯಾದ ವೈದ್ಯ ಶೇಖ್ ಮುಝಫ್ಫರ್ ಹೋದರು. ದಿನಕ್ಕೆ ಸುಮಾರು 16 ಸಲ ಸೂರ್ಯ ಮುಳುಗಿ ಹುಟ್ಟುವಲ್ಲಿ ನಮಾಝ್ ಹೇಗೆ? ಮಲೇಶ್ಯಾದ ವಿದ್ವಾಂಸರು ಅದಕ್ಕಾಗಿ ಮಾರ್ಗಸೂಚಿ ಸಿದ್ಧಪಡಿಸಿದರು. ರಾಕೆಟ್ ಹೊರಟ ಸ್ಥಳದ ಸಮಯದಂತೆ ದಿನಕ್ಕೆ ಐದೇ ಹೊತ್ತು ಎಂದು ತಿಳಿಸಿದರು. 2025ರ ಜೂನ್‌ನಲ್ಲಿ ನಮ್ಮ ದೇಶದ ಶುಭಾಂಶು ಶುಕ್ಲಾ ಅಲ್ಲಿಗೆ ತಲುಪಿ ಜುಲೈಯಲ್ಲಿ ಮರಳಿದರು. ಮಕ್ಕಳಿಗೆ ಈ ಚುಕ್ಕೆಯನ್ನು ತೋರಿಸುವಾಗ "ಅದರೊಳಗೆ ಮನುಷ್ಯರಿದ್ದಾರೆ" ಎಂದು ಹೇಳಿ. ಅವರ ಮುಖ ನೋಡಿ!

ನಿಲ್ದಾಣ ನಮ್ಮ ಊರಿನ ಮೇಲೆ ಬರುವ ಸಮಯವನ್ನು ನಾಸಾದ 'ಸ್ಪಾಟ್ ದ ಸ್ಟೇಷನ್' ಎಂಬ ಮೊಬೈಲ್ ಆ್ಯಪ್ ಉಚಿತವಾಗಿ ತಿಳಿಸುತ್ತದೆ. ಅದರಲ್ಲಿ ಸಮಯ, ದಿಕ್ಕು, ಎಷ್ಟು ಡಿಗ್ರಿ ಎತ್ತರ ಎಂಬುದೆಲ್ಲ ಇರುತ್ತದೆ. 40 ಡಿಗ್ರಿಗಿಂತ ಎತ್ತರಕ್ಕೆ ಬರುವ ದಿನವನ್ನು ಆರಿಸಿಕೊಳ್ಳಿ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡವೇ ಹೆಚ್ಚು. ನವೆಂಬರ್‌ನಿಂದ ಫೆಬ್ರವರಿಯವರೆಗಿನ ಸಂಜೆಗಳು ಒಳ್ಳೆಯವು.

ಕಾಣದವುಗಳೂ ಇವೆ. ಮನೆಯ ಮೇಲಿನ ಡಿಶ್ ಯಾವಾಗಲೂ ಒಂದೇ ಕಡೆ ಮುಖಮಾಡಿರುತ್ತದೆ ಅಲ್ಲವೇ? ಅದು ನೋಡುತ್ತಿರುವ ಉಪಗ್ರಹ ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿದೆ. ಭೂಮಿ ತಿರುಗುವ ಲೆಕ್ಕಕ್ಕೇ ಅದೂ ತಿರುಗುವುದರಿಂದ ನಿಂತಲ್ಲೇ ನಿಂತಂತಿರುತ್ತದೆ. ಅಷ್ಟು ದೂರದ್ದು ಬರಿಗಣ್ಣಿಗೆ ಕಾಣದು. ಭಾರತದ ಇಂತಹ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋ ಕೇಂದ್ರ ನಮ್ಮ ಹಾಸನದಲ್ಲಿಯೇ ಇದೆ.

ಹತ್ತು ನಿಮಿಷ ನಮ್ಮದು

ಸಹೋದರಿಯರೇ, ಇದರಿಂದ ಏನು ಲಾಭ ಎಂದು ನೀವು ಕೇಳಬಹುದು. ಪರೀಕ್ಷೆಯಲ್ಲಿ ಅಂಕ ಸಿಗುವುದಿಲ್ಲ, ಮನೆಯ ಕೆಲಸವೂ ಕಡಿಮೆಯಾಗುವುದಿಲ್ಲ. ಆದರೆ ನಾನು ಕಂಡ ಲಾಭ ಇಷ್ಟು: ಈಗ ನಮ್ಮ ಮನೆಯಲ್ಲಿ ಯಾವುದಾದರೂ ಗಾಬರಿಯ ಸಂದೇಶ ಬಂದರೆ ಮಗಳು ಮೊದಲು ಕೇಳುವುದು "ಇದನ್ನು ನಾವೇ ನೋಡಿ ತಿಳಿಯಬಹುದಾ?" ಎಂದು. ಒಮ್ಮೆ ಕಣ್ಣಾರೆ ಪರೀಕ್ಷಿಸಿ ಕಲಿತವರನ್ನು ಸುಳ್ಳುಸುದ್ದಿ ಅಷ್ಟು ಸುಲಭವಾಗಿ ಹೆದರಿಸಲಾರದು. ತಾಯಿಗೆ ಗೊತ್ತಿರುವ ಮನೆಯಲ್ಲಿ ಮಕ್ಕಳ ಭಯವೂ ಬೇಗ ಇಳಿಯುತ್ತದೆ. 1979ರಲ್ಲಿ ಅತ್ತೆಗೆ ಯಾರಾದರೂ ಹತ್ತು ನಿಮಿಷ ಕುಳಿತು ವಿವರಿಸಿದ್ದರೆ ಎಷ್ಟು ರಾತ್ರಿಗಳ ನಿದ್ದೆ ಉಳಿಯುತ್ತಿತ್ತು!

ಅತ್ತೆಗೆ ಈಗ ಮೆಟ್ಟಿಲು ಹತ್ತಲು ಮೊಣಕಾಲು ಬಿಡುವುದಿಲ್ಲ. ನಿಲ್ದಾಣ ಬರುವ ದಿನ ಮಗಳು ಅಂಗಳದಲ್ಲಿ ಅವರಿಗೊಂದು ಕುರ್ಚಿ ಹಾಕುತ್ತಾಳೆ. ಕಳೆದ ವಾರ ನಾನು ರೊಟ್ಟಿ ಬೇಯಿಸುತ್ತಾ ಒಳಗಿದ್ದೆ. ಹೊರಗಿನಿಂದ ಅತ್ತೆಯ ಕೂಗು ಕೇಳಿಸಿತು. "ಒಲೆ ಆರಿಸಿ ಬೇಗ ಬಾ. ಅದು ನಿನಗಾಗಿ ಕಾಯುವುದಿಲ್ಲ!"

ಇಂದು ಮೋಡವಿಲ್ಲದಿದ್ದರೆ ನೀವೂ ಒಲೆ ಆರಿಸಿ ಹೊರಗೆ ಬನ್ನಿ. ಮನೆಯ ಹಿರಿಯರನ್ನೂ ಕರೆಯಲು ಮರೆಯಬೇಡಿ.