ತಂತಿಯೊಳಗಿನ ಆಮೆ ನಡಿಗೆ

ಓದುಗರೇ, ಸ್ವಿಚ್ ಒತ್ತಿದೊಡನೆ ದೀಪ ಬೆಳಗುತ್ತದೆ. ಹಾಗಾದರೆ ಎಲೆಕ್ಟ್ರಾನುಗಳು ತಂತಿಯಲ್ಲಿ ಮಿಂಚಿನಂತೆ ಓಡುತ್ತವೆಯೇ? ಖಂಡಿತ ಇಲ್ಲ!

1 ಆಂಪಿಯರ್ ಎಂದರೆ ಸೆಕೆಂಡಿಗೆ ಸುಮಾರು 62 ಸಾವಿರ ಕೋಟಿ ಕೋಟಿ ಎಲೆಕ್ಟ್ರಾನುಗಳ ಹರಿವು. ಬ್ಯಾಟರಿಯಿಂದ ಅಷ್ಟು ವಿದ್ಯುತ್ ಹರಿದರೂ, 1 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ ಅವು ಗಂಟೆಗೆ ಸಾಗುವುದು ಸುಮಾರು 26 ಸೆಂ.ಮೀ., ಒಂದು ಗೇಣಿಗಿಂತ ತುಸು ಹೆಚ್ಚು! ಮನೆಯ ಎ.ಸಿ. ವಿದ್ಯುತ್ತಿನಲ್ಲಂತೂ ಸೆಕೆಂಡಿಗೆ 50 ಬಾರಿ ಇದ್ದಲ್ಲೇ ಹಿಂದೆಮುಂದೆ ತೂಗುತ್ತವೆ.

ತುಂಬಿದ ಕೊಳವೆಯ ನಲ್ಲಿ ತಿರುಗಿಸಿದೊಡನೆ ನೀರು ಬರುವುದಿಲ್ಲವೇ? ಹಾಗೆಯೇ ತಂತಿಯುದ್ದಕ್ಕೂ ಮೊದಲೇ ತುಂಬಿರುವ ಎಲೆಕ್ಟ್ರಾನುಗಳು ಬಹುತೇಕ ಒಮ್ಮೆಗೇ ಕದಲುತ್ತವೆ.

ನಿಧಾನವೆಂದು ಸಲಿಗೆ ಬೇಡ. 60 ವ್ಯಾಟ್ ಬಲ್ಬಿನಲ್ಲಿ ಹರಿಯುವುದರ ಎಂಟನೇ ಒಂದು ಪಾಲು ಮೈಯಲ್ಲಿ ಹರಿದರೂ ಪ್ರಾಣಾಪಾಯ. ಒದ್ದೆ ಕೈಯಿಂದ ಸ್ವಿಚ್ ಮುಟ್ಟಬೇಡಿ, ಮಕ್ಕಳಿಗೂ ತಿಳಿಹೇಳಿ.