ಎದುರಾಳಿ ‘ಯಾರೂ ಇಲ್ಲ’ ಅಂತ ಬರೆಯಬೇಡಿ ಮಾರಾಯ್ರೇ!

ಪುತ್ತೂರು: ದರ್ಬೆಯಲ್ಲಿ ಒಂದು ಅಂಗಡಿ ಹಾಕಬೇಕು, ಅದಕ್ಕೆ ಬ್ಯಾಂಕಿನ ಸಾಲ ಬೇಕು. ‘ಯೋಜನಾ ವರದಿ ತನ್ನಿ’ ಅಂತಾರೆ ಮ್ಯಾನೇಜರು. ಬಾಡಿಗೆ, ಯಂತ್ರ, ಕರೆಂಟು, ಸಂಬಳ ಇವುಗಳ ಲೆಕ್ಕ ಎಲ್ಲರೂ ಬರೆಯುತ್ತಾರೆ. ಪೆನ್ನು ನಿಲ್ಲುವುದು ಎರಡು ಕಡೆ. ಒಂದು ‘ಪ್ರತಿಸ್ಪರ್ಧಿಗಳು’, ಇನ್ನೊಂದು ‘ಪೂರ್ವಾನುಭವ’. ಮೊದಲನೆಯದಕ್ಕೆ ‘ಯಾರೂ ಇಲ್ಲ’, ಎರಡನೆಯದಕ್ಕೆ ‘ಉಂಟು’ ಅಂತ ಗೀಚಿ ಕೊಟ್ಟರೆ ಮುಗಿಯಿತೇ?

ಮುಗಿಯುವುದಿಲ್ಲ. ಪೈಪೋಟಿಯೇ ಇಲ್ಲ ಅಂದರೆ ಒಂದೋ ಆ ಮಾಲಿಗೆ ಗಿರಾಕಿ ಇಲ್ಲ, ಇಲ್ಲವೇ ಬರೆದವರು ಪೇಟೆ ಸುತ್ತಿ ನೋಡಿಲ್ಲ. ಸಾಲ ಕೊಡುವವರಿಗೆ ಎರಡೂ ಭಯದ ಸಂಗತಿಯೇ.

ಕೆಮ್ಮಿಂಜೆಯ ಪಾಠ

ದೂರ ಹೋಗುವುದು ಬೇಡ, ಬಗಲಿನ ಕೆಮ್ಮಿಂಜೆಯನ್ನೇ ನೋಡಿ. 1986ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ಜೈಲ್ ಸಿಂಗ್ ಅಲ್ಲಿ ಕ್ಯಾಂಪ್ಕೊ ಚಾಕಲೇಟ್ ಕಾರ್ಖಾನೆ ಉದ್ಘಾಟಿಸಿದಾಗ ಎದುರಿಗೆ ಇದ್ದವರು ಸಣ್ಣ ಕುಳಗಳೇ? ಚಾಕಲೇಟ್ ಅಂದರೆ ಕ್ಯಾಡ್‌ಬರಿ ಅನ್ನುವ ಕಾಲ ಅದು. ಗುಜರಾತಿನ ಅಮುಲ್ ಬೇರೆ. ಅಡಿಕೆ ಬೆಳೆಗಾರರ ಸಂಸ್ಥೆಗೆ ಚಾಕಲೇಟ್ ಮಾಡಿ ಎಂತ ಗೊತ್ತು?

ಗೊತ್ತಿದ್ದದ್ದು ಮಾಲು. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ 1973ರ ಜುಲೈ 11ರಂದು ಹುಟ್ಟಿದ ಕ್ಯಾಂಪ್ಕೊ, ಅಷ್ಟರಲ್ಲಿ 13 ವರ್ಷ ಕರ್ನಾಟಕ-ಕೇರಳದ ಬೆಳೆಗಾರರ ಅಡಿಕೆ ಖರೀದಿಸಿ ಮಾರಿತ್ತು. ಅಡಿಕೆ ಮರದ ನೆರಳಲ್ಲೇ ಕೊಕ್ಕೋ ಗಿಡ. ಕೊಕ್ಕೋ ದರ ಬಿದ್ದು ಕಂಪೆನಿಗಳು ಖರೀದಿಯಿಂದ ಹಿಂದೆ ಸರಿದಾಗ ಬೆಳೆಗಾರರ ಬೀಜ ಕೊಂಡದ್ದೂ ಅದೇ ಸಂಸ್ಥೆ. ಚಾಕಲೇಟ್ ಮಾಡಿದ ಅನುಭವ ಇರಲಿಲ್ಲ; ಆದರೆ ಬೀಜ ಎಲ್ಲಿ ಸಿಗುತ್ತದೆ, ಯಾರು ಕೊಡುತ್ತಾರೆ ಎಂಬುದು ಅಂಗೈ ಮೇಲಿತ್ತು. ‘ಪೂರ್ವಾನುಭವ’ ಅಂದರೆ ಇದು! ಮುಂದೆ ನೆಸ್ಲೆ ಕಂಪೆನಿಗೂ ಇಲ್ಲಿಂದ ಚಾಕಲೇಟ್ ತಯಾರಾಗಿ ಹೋಯಿತು. ಎದುರಾಳಿ ಅಂತ ಬರೆದ ಹೆಸರೇ ನಾಳೆ ಗಿರಾಕಿಯ ಪಟ್ಟಿಗೂ ಬಂದೀತು, ನೋಡಿ.

ಕಿಸೆಯಲ್ಲಿರುವುದು ಅದೇ 20 ರೂಪಾಯಿ

ಸರಿ, ನಿಮ್ಮದು ಕಾರ್ಖಾನೆ ಅಲ್ಲ, ಒಂದು ಬೇಕರಿ ಅಂತ ಇಟ್ಟುಕೊಳ್ಳಿ. ಎದುರಿನ ಬೇಕರಿ ಮಾತ್ರ ಎದುರಾಳಿ ಅಲ್ಲ. ಸಂಜೆ ಬಿಸಿ ಗೋಳಿಬಜೆ ತೆಗೆಯುವ ಹೋಟೆಲೂ ಎದುರಾಳಿ, ಮನೆಯಲ್ಲೇ ಚಕ್ಕುಲಿ ಮಾಡಿ ಅಂಗಡಿಗಳಿಗೆ ಹಾಕುವ ಅಕ್ಕನೂ ಎದುರಾಳಿ. ಬಸ್ಸಿಗೆ ಕಾಯುವವರ ಕಿಸೆಯಲ್ಲಿ ಇರುವುದು ಅದೇ 20 ರೂಪಾಯಿ!

ನಾಲ್ಕು ದಿನ ನಿಂತು ನೋಡಿ. ಸುಳ್ಯ ಬಸ್ಸಿನ ಹೊತ್ತಿಗೆ ಯಾರಲ್ಲಿ ಜನ? ಬ್ರೆಡ್ಡಿಗೆ ಕ್ರಯ ಎಷ್ಟು? ಉದ್ರಿ ಉಂಟೇ? ಬಾಗಿಲು ಹಾಕುವುದು ಎಷ್ಟು ಗಂಟೆಗೆ? ಫಿಲೋಮಿನಾ ಕಾಲೇಜಿಗೆ ರಜೆ ಬಿದ್ದರೆ ವ್ಯಾಪಾರ ಎಷ್ಟು ಇಳಿಯುತ್ತದೆ? ಅವರಲ್ಲಿ ಸಿಗದೆ ಜನ ವಾಪಸು ಹೋಗುವುದು ಯಾವುದಕ್ಕೆ? ಅದನ್ನೇ ಬರೆಯಿರಿ. ಬೈದು ಮಾತ್ರ ಬರೆಯಬೇಡಿ. ‘ಅವರ ಮಾಲು ಹಾಳು’ ಅಂತ ಬರೆದರೆ, ಮ್ಯಾನೇಜರು ಚಾಕ್ಕೆ ಬನ್ನು ತರಿಸುವುದು ಅಲ್ಲಿಂದಲೇ ಇರಬಹುದು!

ಅನುಭವವೂ ಹಾಗೆಯೇ. ‘ಬೇಕರಿಯಲ್ಲಿ 8 ವರ್ಷ’ ಅಂದರೆ ಎಂತ ಅರ್ಥ? ಕ್ಯಾಶಿನಲ್ಲಿ ಕೂತದ್ದೋ, ಒಲೆ ಹತ್ತಿರ ನಿಂತದ್ದೋ? ದಿನಕ್ಕೆ ಎಷ್ಟು ಕಿಲೋ ಮೈದಾ ಕಲಸಿದ್ದು, ಎಷ್ಟು ಬನ್ನು ಉಳಿದು ಹಾಳಾಗುತ್ತಿತ್ತು, ಮಳೆಗಾಲದಲ್ಲಿ ಎಂತ ಮಾಡುತ್ತಿದ್ದಿರಿ, ಇದು ಅನುಭವ. ಬಾರದ್ದನ್ನೂ ಬರೆಯಿರಿ. ‘ಲೆಕ್ಕ ಬರೆಯುವುದು ನನಗೆ ಬಾರದು, ಅದನ್ನು ತಮ್ಮ ನೋಡುತ್ತಾನೆ’ ಅಂದರೆ ಮರ್ಯಾದೆ ಹೋಗುವುದಿಲ್ಲ, ನಂಬಿಕೆ ಬರುತ್ತದೆ. ಕಲಿತು ಶುರುಮಾಡುವವರಿಗೆ ಉಜಿರೆಯ ರುಡ್‌ಸೆಟ್ ಸಂಸ್ಥೆ ಉಂಟು. 1982ರಲ್ಲಿ ಆರಂಭವಾದ ಅದು ಊಟ-ವಸತಿ ಸಹಿತ ಉಚಿತ ತರಬೇತಿಗೆ ಹೆಸರಾದದ್ದು.

ಇಷ್ಟೆಲ್ಲ ಬ್ಯಾಂಕಿನವರ ಕಣ್ಣಿಗಾಗಿ ಅಂತ ತಿಳಿಯಬೇಡಿ. 2015ರಲ್ಲಿ ಬಂದ ಮುದ್ರಾದಂಥ ಸಾಲಕ್ಕೆ ಅಡಮಾನ ಬೇಡ, ನಿಜ. ಆದರೆ ಕಟ್ಟಡದ ಅಡ್ವಾನ್ಸಿಗೆ ಅಡವು ಹೋಗುವುದು ಹೆಚ್ಚಾಗಿ ಮನೆಯವಳ ಬಂಗಾರ. ತಿಂಗಳು ತಿಂಗಳು ಕಂತು ಕಟ್ಟುವವರೂ ನೀವೇ. ನಿಜ ಬರೆದ ಆ ಎರಡು ಹಾಳೆ ‘ಈ ಜಾಗದಲ್ಲಿ ಈ ಅಂಗಡಿ ಬೇಡ’ ಅಂತ ಹೇಳಿದರೆ, ಶಟರ್ ಎತ್ತುವ ಮೊದಲೇ ಆದ ಲಾಭ ಅದು!